ಎಣ್ಣಿ ಹಚ್ಚಿದ ಸಿಗಾರ ಪೆಟ್ಟಿಗಿ

ಬೀದರ

ಹೋಗಿ ಬಂದು ಒಂದು ತಿಂಗಳಾತು, ಓಣಿಯವರು ಕೇಳೂದು ಬಿಟ್ಟಿಲ್ಲ. ನಳದ ಮುಂದ ಕೊಡ ಹಿಡಕೊಂಡು ನಿಂತ್ರೂ ಅದೇ ಮಾತು. "ಫಾರಿನ್ ಹ್ಯಾಂಗಿತ್ರಿ ಜಗದೇವಕ್ಕಾ?" ನಳದಾಗ ನೀರಿಲ್ಲ, ಟ್ಯಾಂಕರ್ ಬಂದಿಲ್ಲ, ಇವರಿಗಿ ನನ್ನ ಫಾರಿನ್ ಬೇಕು. ಒಮ್ಮೆ ಕುಂತು ಎಲ್ಲಾ ಬರದು ಬಿಡ್ತೇನಿ. ಓದ್ರಿ, ಆಮ್ಯಾಲ ಕೇಳಬ್ಯಾಡ್ರಿ.

ನಾ ಬಿದ್ರಿ ಕೆಲಸದಾಕಿ. ಜಸ್ತ ಅಂದ್ರ ಸತು, ಅದಕ್ಕ ತಾಮ್ರ ಕೂಡಿಸಿ ಎರಕ ಹೊಯ್ದ ಮಾಲಿನ ಮ್ಯಾಲ ಉಳಿಯಿಂದ ಗೆರಿ ಕೊರದು, ಆ ಗೆರಿಯಾಗ ಬೆಳ್ಳಿ ತಂತಿ ಬಡಿಯೂದು ನನ್ನ ಹೊಟ್ಟಿಪಾಡು. ತವರು ಭಾಲ್ಕಿ ಕಡಿ ಭಾತಂಬ್ರಾ. ಗಂಡ ಗಾಂಧಿ ಗಂಜ ಅನ್ನೂ ಕಾಳಿನ ಪ್ಯಾಟಿಯಾಗ ಹಮಾಲ. ಎರಡು ವರ್ಷ ಮಳಿ ಕೈಕೊಟ್ಟಿತ್ತು. ಗಂಜಕ್ಕ ತೊಗರಿ ಬರಲಿಲ್ಲ, ಹೆಸರು ಬರಲಿಲ್ಲ. ಚೀಲಾನೇ ಇಲ್ಲ ಅಂದ್ರ ಹಮಾಲ ಏನು ಹೊರಬೇಕ್ರಿ? ದಿನಾ ಹೋಗಿ ಖಾಲಿ ಕೈಗಾಡಿ ಮ್ಯಾಲ ಮಲಗಿ ಬರ್ತಿದ್ದ.

ನನಗ ಕೆಲಸ ಕಲಿಸಿದವರು ಖಾದರ್ ಉಸ್ತಾದ್. ಈಗ ಎಂಬತ್ತರ ಹತ್ರ ಬಂದಾರ, ಕಣ್ಣು ಮಂಜಾಗ್ಯಾವ, ನಾಲಿಗಿ ಮಾತ್ರ ಚಾಕು. ನಾಲಿಗಿ ಅಂದ್ರ ಬೈಗುಳದ ಮಾತಲ್ಲ. ನಮ್ಮ ಮಾಲು ಕರ್ರಗಾಗೂದು ನಮ್ಮೂರ ಕಿಲ್ಲಾದ ಮಣ್ಣಿನಿಂದ. ಮಳಿ-ಬಿಸಿಲು ಕಾಣದ ಹಳೇ ಗ್ವಾಡಿ ಬುಡದ ಮಣ್ಣು ತಂದು, ನವಸಾಗರ ಕೂಡಿಸಿ, ಕುದಿಯೂ ನೀರಾಗ ಹಾಕಿ ಮಾಲು ಅದ್ದಿದ್ರ ಜಸ್ತ ಕರ್ರಗಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಆದ್ರ ಎಲ್ಲಾ ಮಣ್ಣೂ ನಡಿಯೂದಿಲ್ಲ. ಯಾವುದು ನಡೀತದ ಅಂತ ಒಂದು ಚಿಟಿಕಿ ನಾಲಿಗಿ ಮ್ಯಾಲ ಇಟ್ಟು ನೋಡಬೇಕು. ಆ ರುಚಿ ನನಗ ಕಲಿಸ್ಲಾಕ ಉಸ್ತಾದರಿಗಿ ಮೂರು ವರ್ಷ ಹಿಡೀತು. "ಬೇಟಿ, ಮಣ್ಣು ಹ್ಯಾಂಗದ ಹಂಗ ಹೇಳು. ನೀ ಸುಳ್ಳು ಹೇಳಿದ್ರ ಹತ್ತು ಮಂದಿ ಮೆಹನತ್ ಕೆಡ್ತದ" ಅಂತಿದ್ರು. ಅವರ ಎರಡನೇ ಕಾನೂನು: ಎಣ್ಣಿ ಹಚ್ಚದ ಮಾಲು ಯಾರ ಕೈಗೂ ಕೊಡಬಾರದು. ಎಣ್ಣಿ ಉಂಡ ಮ್ಯಾಲೇ ನಮ್ಮ ಕರಿ ಬಣ್ಣಕ್ಕ ಜೀವ ಬರ್ತದ.

ನಿಕರಾಗುವಾ ದೇಶದ ಎಸ್ತೆಲಿ ಅನ್ನೂ ಊರಿನ ಒಬ್ಬ ಸಿಗಾರ ಕಾರಖಾನಿ ಮಾಲಕ ದಿಲ್ಲಿಯೊಳಗ ನಮ್ಮ ಮಾಲು ನೋಡಿದ್ದನಂತ. ಅವನ ಎಲ್ಲಾಕಿಂತ ತುಟ್ಟಿ ಸಿಗಾರ ಇಡ್ಲಾಕ ಬಿದ್ರಿ ಪೆಟ್ಟಿಗಿ ಬೇಕು, ಮೊದಲು ಎರಡು ಮಾಡಿ ಮಾಡಿದವರೇ ತಗೊಂಡು ಬರ್ಲಿ, ಪಸಂದ ಬಂದ್ರ ನೂರಾರು ಪೆಟ್ಟಿಗಿ ಅಂದ. ಟಿಕೀಟು ಕರಕುಶಲ ಸಂಸ್ಥೆಯವರು ತೆಗೆಸಿದರು. ಉಸ್ತಾದರು, ನನಗ ಆಗೂದಿಲ್ಲ, ನೀನೇ ಹೋಗು ಅಂದ್ರು.

ನನ್ನ ಕೈಕೆಳಗ ನಾಲ್ಕು ಹೆಣ್ಣಮಕ್ಕಳು ಕೆಲಸ ಮಾಡ್ತಿದ್ರು. ಭಾತಂಬ್ರಾದವರು ಮೂರು ಮಂದಿ, ಔರಾದ ಕಡಿ ಎಕಂಬಾದ ಮಂಗಲಾ ಒಬ್ಬಾಕಿ. ನಾಕೂ ಮನಿ ಗಂಡಸರು ಇಟ್ಟಿಗಿ ಭಟ್ಟಿ ಮುಕಾದಮನ ಹತ್ರ ಹೆಸರು ಬರಸಿದ್ರು. ಎಳ್ಳ ಅಮಾಸಿ ಮರುದಿನ ಟೆಂಪೋ ಬರೂದು, ಎಲ್ಲರೂ ಹೈದ್ರಾಬಾದ ಕಡಿ ಹೋಗೂದು. ಇಟ್ಟಿಗಿ ಹೊತ್ತ ಬೆರಳು ಮತ್ತ ಬೆಳ್ಳಿ ತಂತಿ ಹಿಡಿಯೂದಿಲ್ರಿ. ಆರು ತಿಂಗಳಿನಾಗ ಕೈ ಕಲ್ಲಾಗ್ತಾವ. ಮಂಗಲಾನ ಕೈಯಂಥ ಕೈ ನಾ ಕಂಡಿಲ್ಲ, ನನ್ನಕಿಂತ ಚೊಲೊ. ಅದಕ್ಕ ಹೊರಡೂ ದಿನ ಎಲ್ಲರಿಗೂ ಹೇಳಿದೆ, "ನಾ ಫೋನ್ ಮಾಡೂತನಕ ಯಾರೂ ಟೆಂಪೋ ಹತ್ತಬ್ಯಾಡ್ರಿ."

"ನೀವು ಇರು ಅಂದ್ರ ಇರ್ತೇನ್ರಿ ಅಕ್ಕಾ," ಅಂದಳು ಮಂಗಲಾ. "ನನ್ನ ಗಂಡ ಒಬ್ಬನೇ ಹೋಗ್ಲಿ ಭಟ್ಟಿಗಿ."

ಆಕಿ ಆ ಮಾತು ಉಡಿಯಾಗ ಕಟಗೊಂಡು ನಾ ವಿಮಾನ ಹತ್ತಿದೆ.

ಮನಾಗುವಾ, ವಿಮಾನ ನಿಲ್ದಾಣ

ಮೂರು ವಿಮಾನ ಬದಲಿ ಮಾಡಿ, ಕಾಲು ಬೋಂಡಾದಂಗ ಊದಿಸಿಕೊಂಡು ನಿಕರಾಗುವಾ ದೇಶಕ್ಕ ಇಳಿದೆ. ಅಲ್ಲಿ ಸಾಮಾನು ನೋಡೂ ಸಾಹೇಬ ನನ್ನ ಚೀಲದಾಗಿಂದ ಒಂದು ಪುಡಿಕಿ ತಗದ. ಕಿಲ್ಲಾದ ಮಣ್ಣು. ದಾರಿಯಾಗ ಪೆಟ್ಟಿಗಿಗಿ ಗೀರು ಬಿದ್ರ ಮತ್ತ ಕರಿ ಮಾಡ್ಲಾಕ ಬೇಕಾಗ್ತದ ಅಂತ ಉಸ್ತಾದ್ ಕಟ್ಟಿ ಕೊಟ್ಟಿದ್ರು.

ಅಂವ ಏನೋ ಕೇಳಿದ. ಅವನ ಭಾಷಾ ನನಗ ಬರೂದಿಲ್ಲ, ನನ್ನದು ಅವನಿಗಿ ಬರೂದಿಲ್ಲ. ಮೂಸಿ ನೋಡಿದ, ಮುಖ ಗಂಟು ಹಾಕಿದ. ಇದು ಅಫೀಮು-ಗಿಫೀಮು ಅಲ್ಲಪ್ಪಾ, ಮಣ್ಣು, ಅಂತ ಹ್ಯಾಂಗ ಹೇಳಬೇಕು? ಒಂದು ಚಿಟಿಕಿ ತಗೊಂಡು ನನ್ನ ನಾಲಿಗಿ ಮ್ಯಾಲ ಇಟ್ಟುಕೊಂಡು ಚಪ್ಪರಿಸಿ ತೋರಿಸಿದೆ. ತಪ್ಪಾತು. ಅಂವ ಇನ್ನಿಬ್ಬರನ್ನ ಕೂಗಿದ. ಅವರಿಗಿ ಮತ್ತೊಮ್ಮೆ ತಿಂದು ತೋರಿಸಬೇಕಾತು. ಒಬ್ಬಾಕಿ ಎದಿ ಮ್ಯಾಲ ಶಿಲುಬಿ ಬರಕೊಂಡಳು. ಕಡೀಗಿ ನಕ್ಕು ಬಿಟ್ರು, ನನ್ನ ಬಿಟ್ರು, ಮಣ್ಣು ಬಿಡಲಿಲ್ಲ. ಪರದೇಶದ ಮಣ್ಣು ಒಳಗ ತರಬಾರದಂತ. ಉಸ್ತಾದರು ಆರಿಸಿದ ಕಿಲ್ಲಾದ ಮಣ್ಣು ನನ್ನ ಕಣ್ಣ ಮುಂದ ಕಸದ ಡಬ್ಬಿಯಾಗ ಬಾಳಿಹಣ್ಣಿನ ಸಿಪ್ಪಿ ಮ್ಯಾಲ ಬಿತ್ತು.

ಹೊರಗ ಸಿಸ್ಟರ್ ಲಿಸ್ಸಿ ಕಾಯ್ಲಾಕತ್ತಿದ್ರು. ಕೇರಳದವರು, ಎಸ್ತೆಲಿಯೊಳಗ ದವಾಖಾನಿ ನಡೆಸ್ತಾರ, ನನಗ ದುಭಾಷಿ ಆಗ್ಲಾಕ ಬಂದವರು. ಅವರದು ಸಾಲಿಯಾಗ ಕಲಿತ ಹಿಂದಿ, ನನ್ನದು ಬೀದರ ಬಜಾರದ ದಖ್ಖನಿ. ಅರ್ಧ ಮಾತು ಕೈಯಿಂದ ಮಾಡಿದೆವು. ಮಣ್ಣಿನ ಕಥಿ ಕೇಳಿ ಸಿಸ್ಟರ್ ರಸ್ತಾ ತುಂಬ ನಕ್ಕರು. ನನಗ ನಗಿ ಬರಲಿಲ್ಲ.

ಎಸ್ತೆಲಿ, ಮೊದಲ ದಿನಗಳು

ನಾ ಇಳಕೊಂಡದ್ದು ಮಾರ್ತಾ ಅನ್ನೂ ಹೆಣ್ಣಮಗಳ ಮನಿಯಾಗ. ಕಾರಖಾನಿಯಾಗ ಸಿಗಾರದ ಬಣ್ಣ ಆರಿಸೂದು ಆಕಿ ಕೆಲಸ. ತಗಡಿನ ಮನಿ, ಅಂಗಳದಾಗ ನೀರಿನ ಡ್ರಮ್ಮು ಸಾಲು. ಅಲ್ಲೂ ಬರ ರೀ! ಗುಡ್ಡ ಬೋಳು, ಹಳ್ಳ ಬತ್ತ್ಯಾದ, ವಾರಕ್ಕೊಮ್ಮೆ ನೀರು. ಆಕಿ ಗಂಡ ಗಡಿ ದಾಟಿ ಕೋಸ್ಟರಿಕಾಕ್ಕ ಕಬ್ಬು ಕಡೀಲಾಕ ಹೋಗ್ಯಾನ. ಏಳು ಸಮುದ್ರ ದಾಟಿ ಭಾತಂಬ್ರಾಕ್ಕೇ ಬಂದು ಮುಟ್ಟಿದಂಗಾತು. ಬರ ನೋಡ್ಲಾಕ ವಿಮಾನ ಹತ್ತಬೇಕಿತ್ತೇನು ಶಿವನೇ!

ಮೂರೂ ಹೊತ್ತು ಅನ್ನಾ, ಕೆಂಪು ಕಾಳು. ಖಾರ ಇಲ್ಲ. ನಾ ಒಯ್ದ ಶೇಂಗಾ ಹಿಂಡಿ ಹಚಿಗೊಂಡು ತಿಂದೆ. ಮಾರ್ತಾಗ ಒಂದು ಚಿಟಿಕಿ ಕೊಟ್ಟೆ, ಪಾಪ, ಎರಡು ತಂಬಿಗಿ ನೀರು ಕುಡಿದಳು, ಬರದಾಗ.

ಕಾರಖಾನಿ ಮಾಲಕ ಡಾನ್ ರಮೀರೊ, ಡಾನ್ ಅಂದ್ರ ಅಲ್ಲಿ ಧಣಿ ಅಂದಂಗ, ಎಪ್ಪತ್ತು ದಾಟಿದ ಮುದುಕ. ದೊಡ್ಡ ಮೀಸಿ, ಇಸ್ತ್ರಿ ಅಂಗಿ, ಭಾಳ ಅದಬ್-ಮರ್ಯಾದಿ ಇದ್ದ ಮನಷ್ಯಾ. ಪೆಟ್ಟಿಗಿ ಕೊಡೂಕಿಂತ ಮೊದಲು ನಾ ಚೀಲದಾಗಿನ ಸೀಸಿ ತಗದೆ. ಗಂಜದ ಗಾಣದ ಶೇಂಗಾ ಎಣ್ಣಿ. ದಾರಿಯಾಗ ಮಾಲು ಮಂಕಾಗಿತ್ತು. ಎರಡೂ ಪೆಟ್ಟಿಗಿಗಿ ಹೊರಗ ತಿಕ್ಕಿದೆ, ಒಳಗ ತಿಕ್ಕಿದೆ, ಕಾರಖಾನಿಯವರ ಬೇಡಿಕಿ ಪ್ರಕಾರ ಒಳಗ ಕೂಡಿಸಿದ್ದ ಕಟ್ಟಿಗಿ ಹಲಗಿಗೂ ಒಂದು ಕೈ ಎಳದೆ. ಹಂಗ ಮಾಡಬ್ಯಾಡ ಅನ್ನಲಾಕ ಅಲ್ಲಿ ಯಾರೂ ಇರಲಿಲ್ಲ. ಇದ್ರೂ ನಾ ಕೇಳ್ತಿರಲಿಲ್ಲ. ಪೆಟ್ಟಿಗಿ ಹೊಳೀತು. ಡಾನ್ ರಮೀರೊ ಅದನ್ನ ಎರಡೂ ಕೈಯಾಗ ಹಿಡಕೊಂಡು ಕಿಡಕಿ ಹತ್ರ ಹೋಗಿ ಭಾಳೊತ್ತು ನಿಂತ. ಕಣ್ಣಾಗ ನೀರು ಬಂದಿತ್ತು ಅಂತ ಸಿಸ್ಟರ್ ಅಂದ್ರು.

ಒಂದು ಪೆಟ್ಟಿಗಿಯಾಗ ತನ್ನ ಎಲ್ಲಾಕಿಂತ ತುಟ್ಟಿ ಇಪ್ಪತ್ತು ಸಿಗಾರ ಇಟ್ಟು ತಂಪು ಕೋಣಿಯಾಗ ಇಡಸಿದ. ಸಿಗಾರಕ್ಕ ಹಸಿ ಹವಾ ಬೇಕು, ಒಣಗಿದ್ರ ಸತ್ತಂಗ. ಎಂಟು ದಿನ ಬಿಟ್ಟು ಸೇದಿ ನೋಡೂದು, ಆಮ್ಯಾಲ ಮಾತು.

ರುಚಿ

ಆ ಎಂಟು ದಿನ ನನಗ ಕಾರಖಾನಿ ತೋರಿಸಿದ್ರು. ಎಲಿಗಳನ್ನ ಆಳೆತ್ತರ ಗುಡ್ಡೆ ಹಾಕಿರ್ತಾರ, ಒಳಗೊಳಗೇ ಕಾಯ್ದು ಹದ ಆಗ್ತಾವ. ಗುಡ್ಡೆಯಾಗ ಕೈ ಇಟ್ಟೆ, ಸುಡ್ತಿತ್ತು. ಮೂಗಿಗಿ ವಾಸನಿ ಹೊಡೀತು, ಕಣ್ಣಾಗ ನೀರು. ಅದೇ ನವಸಾಗರದ ಘಾಟು! ನಮ್ಮ ಕಾರಖಾನಿ ಭಟ್ಟಿ ಮುಂದ ನಿಂತಂಗಾತು. ಅಲ್ಲೇ ಕುಂತು ಅತ್ತು ಬಿಟ್ಟೆ. ಘಾಟಿಗಿ ಅಂತ ಅವರು ತಿಳಕೊಂಡ್ರು.

ಗಿಡದ ಕೆಳಗಿನ ಎಲಿ ಚೊಲೊ ಉರಿಲಾಕ, ನಡುವಿನದು ವಾಸನಿಗಿ, ತುದಿದು ತಾಕತ್ತಿಗಿ. ಮೂರೂ ಕೂಡಿಸಿ ಗಂಡಸು ಸುರುಳಿ ಮಾಡ್ತಾನ, ಬಾಜೂಕ ಕುಂತ ಹೆಣ್ಣಮಗಳು ಅದಕ್ಕ ರೇಶ್ಮಿಯಂಥ ಮ್ಯಾಲಿನ ಎಲಿ ಸುತ್ತತಾಳ. ಆಮ್ಯಾಲ ಮಾರ್ತಾನ ಮೇಜಿಗಿ ಬರ್ತಾವ. ಒಂದು ಪೆಟ್ಟಿಗಿಯಾಗ ಎಲ್ಲಾ ಒಂದೇ ಬಣ್ಣ ಇರಬೇಕು. ನನಗ ಎಲ್ಲಾ ಕಂದೇ ಕಾಣ್ತಿದ್ವು, ಆಕಿ ಐವತ್ತು ಗುಂಪು ಮಾಡ್ತಿದ್ದಳು. ನಮ್ಮ ಉಸ್ತಾದರು ಕರಿ ಒಳಗ ಏಳು ಕರಿ ತೋರಿಸ್ತಾರ. ಹಂಗಾಗಿ ನನಗ ಆಕಿ ಮ್ಯಾಲ ಭಾಳ ಪ್ರೀತಿ ಹುಟ್ಟಿತು.

ನಾ ಮಣ್ಣು ತಿಂದ ಸುದ್ದಿ ಸಿಸ್ಟರ್ ಊರಿಗೆಲ್ಲಾ ಹಂಚಿದ್ರು. ಡಾನ್ ರಮೀರೊ ನಗಲಿಲ್ಲ. ಯಾಕ ತಿಂತೀರಿ ಅಂತ ಕೇಳಿ ಪೂರಾ ತಿಳಕೊಂಡ. "ಈ ಅಮ್ಮನ ನಾಲಿಗಿಗಿ ಸಿಗಾರ ಗೊತ್ತಾಗಬೇಕು" ಅಂದ. ನಾ ಕೊರಳಾಗಿನ ಲಿಂಗ ತೋರಿಸಿ ಕೈ ಮುಗಿದೆ. ಅಂವ ತನ್ನ ಕೊರಳಾಗಿನ ಶಿಲುಬಿ ತೋರಿಸಿ ಕೈ ಮುಗಿದ. ಇನ್ನೇನು ಮಾಡ್ತೀರಿ? ಕೆಲಸದ ಸಲುವಾಗಿ ಮಣ್ಣು ತಿಂದಾಕಿ, ಹೊಗಿ ಯಾಕ ಬ್ಯಾಡ ಅನ್ನಬೇಕು? ಲಿಂಗವ್ವ ತಾಯಿ ಮುಂದ ಮಾತ್ರ ಈ ಸುದ್ದಿ ಯಾರೂ ಎತ್ತಬ್ಯಾಡ್ರಿ, ಆಕಿ ನಮ್ಮತ್ತಿ.

ಸಿಗಾರ ಬೀಡಿಯಲ್ಲ. ಹೊಗಿ ಎದಿಗಿ ಇಳಿಸಬಾರದು, ಬಾಯಾಗ ಹಿಡಿದು ನಾಲಿಗಿ ಮ್ಯಾಲ ಹೊರಳಿಸಿ ಬಿಡಬೇಕು. ತುದಿ ಕತ್ತರಿಸಿ, ಹಚ್ಚದೇ ಒಮ್ಮೆ ಜಗ್ಗಿ ನೋಡಬೇಕು: ಒಣ ಹುಲ್ಲು, ಅಂಜೂರ. ಆಮ್ಯಾಲ ದಂಡಿ ಸುತ್ತ ನಿಧಾನಕ ಬೆಂಕಿ ತೋರಿಸೂದು, ಗಡಬಡಿ ಮಾಡಿದ್ರ ಕಹಿ ಆಗ್ತದ. ಮೊದಲು ಮೆಣಸು ಹೊಡೀತದ. ನಡುವಿಗಿ ಬಂದ್ರ ಹುರಿದ ಕಾಫಿ, ತಳ ಹಿಡಿದ ಬೆಲ್ಲದ ಪಾಕ. ಕಡೀಗಿ ತೊಗಲು, ಮತ್ತ ಮಣ್ಣು. ಹೌದು, ಮಣ್ಣು! ಎಳ್ಳ ಅಮಾಸಿಗಿ ಹತ್ತಾರು ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ ಉಂಡಂಗ, ಒಂದೊಂದು ಪಲ್ಯ ಒಂದೊಂದು ಸಲ ನಾಲಿಗಿಗಿ ಬರ್ತದಲ್ಲ, ಹಂಗ. ಬೂದಿ ಉದುರಿಸಬಾರದು, ಅದು ಬೆಳ್ಳಗ ಗಟ್ಟಿಯಾಗಿ ನಿಂತ್ರ ಎಲಿ ಚೊಲೊ ಅಂತ ಅರ್ಥ.

ಮೊದಲನೇ ದಿನ ತಲಿ ತಿರುಗಿ ಗ್ವಾಡಿ ಹಿಡಿದೆ. ಐದನೇ ದಿನಕ್ಕ ಯಾವ ಎಲಿ ಎಷ್ಟದ ಅಂತ ಹೇಳ್ಲಾಕತ್ತಿದೆ. ಹತ್ತಕ್ಕ ಎಂಟು ಖರೇ. ಡಾನ್ ರಮೀರೊ ಚಪ್ಪಾಳಿ ಹೊಡೆದ. ನನಗೂ ಖುಷಿ ಆತು, ಸುಳ್ಳು ಯಾಕ ಹೇಳಲಿ. ಇಡೀ ಪ್ರವಾಸದಾಗ ಖುಷಿ ಅಂದ್ರ ಅದೊಂದೇ.

ಎರಡು ಸಿಗಾರ

ಎಂಟನೇ ದಿನ ರುಚಿ ನೋಡೂ ಕೋಣಿಯಾಗ ಕುಂತೆವು. ಡಾನ್ ರಮೀರೊ, ಅವನ ಮಗ, ಅಳಿಯ, ನಾನು, ಸಿಸ್ಟರ್. ಮಾರ್ತಾ ಬಾಗಿಲ ಹತ್ರ ನಿಂತಿದ್ದಳು. ಒಂದು ಸಿಗಾರ ಅವರ ಹಳೇ ದೇವದಾರು ಪೆಟ್ಟಿಗಿದು, ಒಂದು ನನ್ನ ಪೆಟ್ಟಿಗಿದು. ಯಾವುದು ಎಲ್ಲಿದು ಅಂತ ಮಾರ್ತಾಗ ಮಾತ್ರ ಗೊತ್ತು.

ಮುದುಕ ಎರಡೂ ಸೇದಿದ, ಕಣ್ಣು ಮುಚ್ಚಿದ, "ಎರಡೂ ಒಂದೇ, ಎರಡೂ ಚೊಲೊ" ಅಂದ. ಮಗನೂ ಹಂಗೇ ಅಂದ. ಮಾವ ಅಂದದ್ದನ್ನ ಅಳಿಯ ಇನ್ನಷ್ಟು ಜೋರಾಗಿ ಅಂದ. ಮುದುಕ ಕಾಗದ ತರಸಿದ, ಪೆನ್ನು ತಗದ. ಆಮ್ಯಾಲ ಅದಬ್ ಮನಷ್ಯಾ ನೋಡ್ರಿ, ನನ್ನ ಕಡಿ ತಿರುಗಿ, "ಮಣ್ಣಿನ ರುಚಿ ಬಲ್ಲ ಅಮ್ಮಾ, ನೀವೇನಂತೀರಿ?" ಅಂತ ಕೇಳಿದ.

ನಾ ಮೊದಲನೇದು ಜಗ್ಗಿದೆ. ಮೆಣಸು, ಕಾಫಿ, ಬೆಲ್ಲ. ಎರಡನೇದು ಜಗ್ಗಿದೆ. ಮೆಣಸು ಬರಲಿಲ್ಲ. ಹಳಸಿದ ಶೇಂಗಾ ಎಣ್ಣಿ ಬಂತು. ಅದರ ಹಿಂದ ಜಸ್ತದ ವಗರು, ನಾ ಕೆಲಸ ಕಲಿತಾಗಿನಿಂದ ಬಲ್ಲ ವಗರು. ಮತ್ತೊಮ್ಮೆ ಜಗ್ಗಿದೆ. ಅದೇ. ನನ್ನ ಕೈಯಿಂದ ತಿಕ್ಕಿದ ಎಣ್ಣಿ ಹಸಿ ಹವಾದಾಗ ಎಂಟು ದಿನ ಕುಂತು ಇಪ್ಪತ್ತೂ ಸಿಗಾರ ತಿಂದು ಹಾಕಿತ್ತು.

ಮುದುಕನ ನಾಲಿಗಿ ವಯಸ್ಸಿನಿಂದ ಮಂದ ಆಗ್ಯಾದ. ಕಾರಖಾನಿಯಾಗ ಯಾರೂ ಅದನ್ನ ಬಾಯಿ ಬಿಟ್ಟು ಅನ್ನೂದಿಲ್ಲ, ಅಷ್ಟೇ. ನನಗದು ಅವತ್ತು ತಿಳೀತು. ನಾ ಸುಮ್ನ ಹೌದು ಅಂತ ತಲಿ ಅಲ್ಲಾಡಿಸಿದ್ರ ಮುಗೀತಿತ್ತು. ಮಂಗಲಾ ಬೀದರದಾಗೇ ಉಳೀತಿದ್ದಳು. ಬಾಯಾಗಿನ ಹೊಗಿ ಬಿಟ್ಟೆ. ಬಾಗಿಲ ಹತ್ರ ಮಾರ್ತಾ ನನ್ನ ಮಾರಿ ನೋಡ್ತಿದ್ದಳು. ಆಕಿ ಆರಿಸಿದ ಸಿಗಾರ ಅವು. ಎಲಿ ಬೆಳೆಸಿದವರು, ಗುಡ್ಡೆ ತಿರುವಿದವರು, ಸುತ್ತಿದವರು, ಎಷ್ಟು ಮಂದಿ ಮೆಹನತ್.

"ಎರಡನೇದು ಕೆಟ್ಟದ," ಅಂದೆ. "ಅದು ನನ್ನ ಪೆಟ್ಟಿಗಿದು."

ಸಿಸ್ಟರ್ ಅದನ್ನ ಅವರ ಭಾಷಾದಾಗ ಹೇಳ್ಲಾಕ ತಯಾರಿಲ್ಲ. "ನೀವು ಏನಂದ್ರಿ ಗೊತ್ತದ?" ಅಂತ ಎರಡು ಸಲ ಕೇಳಿದ್ರು. ಹೇಳ್ರಿ ಅಂದೆ. ಹೇಳಿದ್ರು. ಮುದುಕ ಮಾರ್ತಾನ ಕರೆದು ಸಿಗಾರ ಕೊಟ್ಟ. ಆಕಿ ಮೂಸಿ ನೋಡಿ, ತಲಿ ಕೆಳಗ ಹಾಕಿ, ಹೌದು ಅಂದಳು. ಅಂವ ಸಿಟ್ಟಿಗೇಳಲಿಲ್ಲ. ಪೆನ್ನು ಕಿಸೆಯಾಗ ಇಟ್ಟುಕೊಂಡ.

ತೊಳೆದ ಪೆಟ್ಟಿಗಿ

ಎರಡನೇ ಪೆಟ್ಟಿಗಿ ಇತ್ತಲ್ಲ, ಅದರ ಮ್ಯಾಲ ಆಸೆ ಇಟ್ಟೆವು. ಎಣ್ಣಿ ಇಲ್ಲದೇ ಮಾಡಿದ್ರ? ನಾನೂ ಮಾರ್ತಾನೂ ಕುಂತು ಬಿಸಿನೀರು, ಸಾಬಾಣ ಹಚ್ಚಿ ತಿಕ್ಕಿ ತಿಕ್ಕಿ ತೊಳದೆವು. ಆಕಿ ವಾರದ ನೀರು ಅದು. ಒಳಗಿನ ಹಲಗಿ ಕಿತ್ತು ಹೊಸಾದು ಕೂಡಿಸಿದೆವು. ತಂಪು ಕೋಣಿಯಾಗ ಇಟ್ಟೆವು. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡ್ತೇನಿ, ಕರಿ ಮ್ಯಾಲ ಬೂದಿ ಬಡದಂಗ ಬಿಳುಪು ಎದ್ದದ. ಹಸಿ ಹವಾಕ್ಕ ಜಸ್ತ ಬೆವತಿತ್ತು. ಬೆಳ್ಳಿ ಬಳ್ಳಿ ಎಲ್ಲದ, ಕರಿ ಎಲ್ಲದ, ಒಂದೂ ತಿಳಿವಲ್ತು.

ಎಣ್ಣಿ ಹಚ್ಚಿದ್ರ ಸಿಗಾರ ಸಾಯ್ತದ, ಹಚ್ಚದಿದ್ರ ಪೆಟ್ಟಿಗಿ ಸಾಯ್ತದ. ಕಿಲ್ಲಾದ ಮಣ್ಣು ಕೈಯಾಗಿದ್ರ ಮತ್ತ ಕರಿ ಮಾಡಬಹುದಿತ್ತು, ಆದ್ರ ಮೂರು ದಿನಕ್ಕ ಮತ್ತ ಬೆಳ್ಳಗಾಗ್ತಿತ್ತು. ಮುಗೀತು ಅಂತ ಡಾನ್ ರಮೀರೊನಕಿಂತ ಮೊದಲು ನನಗೇ ತಿಳೀತು. ಅಂವ ಮೊದಲನೇ ಪೆಟ್ಟಿಗಿ ತನ್ನ ಮೇಜಿನ ಮ್ಯಾಲ ಖಾಲಿ ಇಟ್ಟುಕೊಂಡ, ಚಂದ ಕಾಣ್ಲಿ ಅಂತ. ನನಗ ಒಂದು ಸಿಗಾರ ಕೊಟ್ಟ, ದೇವದಾರು ಪೆಟ್ಟಿಗಿಂದು. "ಎಷ್ಟೋ ವರ್ಷ ಆತು, ನನಗ ಯಾರೂ ಖರೇ ಹೇಳಿರಲಿಲ್ಲ" ಅಂದ.

ಖರೇ ತಗೊಂಡು ನಾ ಏನು ಮಾಡ್ಲಿ? ಒಲಿಗಿ ಹಾಕ್ಲಿ?

ಅವತ್ತೇ ಎಳ್ಳ ಅಮಾಸಿ. ಅಲ್ಲಿ ಬೆಳಿಗ್ಗೆ, ಬೀದರದಾಗ ಸಂಜಿ. ಸಿಸ್ಟರ್ ಫೋನಿನಿಂದ ಹಚ್ಚಿದೆ. ಮೊದಲನೇ ಗಂಟಿಗೇ ಮಂಗಲಾ ಎತ್ತಿದಳು.

"ಹೇಳ್ರಿ ಅಕ್ಕಾ. ಎಲ್ಲಾರೂ ಇಲ್ಲೇ ಕಾರಖಾನಿಯಾಗೇ ಕುಂತೀವಿ."

"ಮಂಗಲಾ, ಹೋಗ್ರಿ."

"ಮಾಲು ಚೊಲೊ ಆಗಿರಲಿಲ್ಲೇನ್ರಿ?"

"ಮಾಲು ಭಾಳ ಚೊಲೊ ಇತ್ತು ನಮ್ಮವ್ವಾ. ಎಣ್ಣಿ ವಾಸನಿ ಸಿಗಾರಕ್ಕ ಹತ್ತಿತು."

"ಅಯ್ಯ! ಇಲ್ಲಿಂದ ಕಟ್ಟೂ ಮುಂದ ನಾನೇ ಹಚ್ಚಿದ್ದೆನ್ರಿ ಅಕ್ಕಾ. ಜರಾ ಹೆಚ್ಚೇ ಹಚ್ಚಿದೆ, ಫಾರಿನ್ನಿಗಿ ಹೋಗ್ತದ ಅಂತ. ನನ್ನಿಂದೇ ಕೆಟ್ಟಿತೇನ್ರಿ?"

"ಇಲ್ಲ ಮಂಗಲಾ. ನಾನೂ ಹಚ್ಚೀನಿ ಇಲ್ಲಿ. ನಿಂದೇನು ತಪ್ಪಿಲ್ಲ."

"ಹೂಂ ರೀ," ಅಂದಳು. "ನೀವು ಹುಷಾರಿ ಬರ್ರಿ."

ಫೋನ್ ಇಟ್ಟ ಮ್ಯಾಲ ಮಾರ್ತಾ ನನ್ನ ಬಾಜೂಕ ಬಂದು ಕುಂತಳು. ಆಕಿಗಿ ಏನೂ ಹೇಳಬೇಕಾಗಲಿಲ್ಲ.

ಬೀದರ, ತಿರುಗಿ

ಬಸ್‌ಸ್ಟ್ಯಾಂಡಿನಿಂದ ಸೀದಾ ಉಸ್ತಾದರ ಮನಿಗಿ ಹೋದೆ. ಸಿಗಾರ ಕೊಟ್ಟೆ. ಜನ್ಮದಾಗ ಒಂದು ಬೀಡಿ ಸೇದದ ಮನಷ್ಯಾ, ಅದರ ತುದಿ ನಾಲಿಗಿಗಿ ಮುಟ್ಟಿಸಿ, ಕಣ್ಣು ಮುಚ್ಚಿ ಕುಂತ್ರು. "ಶುದ್ಧ ಅದ" ಅಂದ್ರು. ನಾ ಎಲ್ಲಾ ಹೇಳಿದೆ. ನಾ ತಲಿ ಅಲ್ಲಾಡಿಸಿ ಸುಮ್ನ ಇರಬೇಕಿತ್ತೇನ್ರಿ ಅಂತ ಕೇಳಿದೆ. ಅವರು ಸಿಗಾರ ಬಾಜೂಕ ಇಟ್ರು. ಕಾರಖಾನಿ ಕೀಲಿ ತಗದು ನನ್ನ ಕೈಯಾಗಿಟ್ರು.

ಕೀಲಿ ತಗದು ಒಳಗ ಕಾಲಿಟ್ಟೆ. ಮೊದಲು ಮೂಗಿಗಿ ಎಣ್ಣಿ ಹೊಡೀತು. ನಾಲ್ಕೂ ಹೆಣ್ಣಮಕ್ಕಳ ಕಟ್ಟಿಗಿ ಮಣಿ ಸಾಲಾಗಿ ಇದ್ವು, ಉಳಿಗಳು ಅವುಗಳ ಮ್ಯಾಲ ದೊಡ್ಡದು ಸಣ್ಣದು ಅಂತ ಜೋಡಿಸಿದ್ವು. ಜಂಗ ಹಿಡಿಬಾರದು ಅಂತ ನಾವು ಉಳಿಗಿ ಎಣ್ಣಿ ಒರಸಿ ಇಡ್ತೇವಿ. ಎರಡು ದಿನ ಸೂಟಿ ಅಂದ್ರ ಒಂದು ಕೈ ಒರಸ್ತೇವಿ, ವಾರ ಅಂದ್ರ ಎರಡು ಕೈ. ಮಂಗಲಾನ ಮಣಿ ಮುಂದ ಕುಂತು ಆಕಿ ಸಣ್ಣ ಉಳಿ ಎತ್ತಿದೆ. ಅರಿವಿಯಾಗ ಸುತ್ತಿದ್ದಳು. ಅರಿವಿ ಪೂರಾ ನೆನದು ಎಣ್ಣಿ ನನ್ನ ಮೊಣಕೈತನಕ ಇಳೀತು.